ಬಣ್ಣ ನೋಡ್ರಿ

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದರು. ಯಾವ ಗಿರಾಕಿ ಬಂದರೂ ಅವರದು ಒಂದೇ ಮಾತು: "ಬಣ್ಣ ನೋಡ್ರಿ, ಖಾರ ಕೇಳಬ್ಯಾಡ್ರಿ."

ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದ ಅವರ ಮಗಳು ಒಂದು ದಿನ, "ಅಪ್ಪಾ, ಮನಸ್ಸಿಗೆ ಆರಾಮಿಲ್ಲ, ಡಾಕ್ಟರಿಗೆ ತೋರಸು" ಅಂದಳು. ಮಹಾನುಭಾವರು ಅವಳ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದರು. "ಬಣ್ಣ ಚಲೋ ಐತಲ್ಲ" ಎಂದು ತೀರ್ಪಾಯಿತು. ಆಮೇಲೆ ಅಂಗಡಿಯದೇ ಒಂದು ಹಿಡಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಯಾರೂ ಕೆಮ್ಮಲಿಲ್ಲ.

"ನೋಡ್ರಿ, ಘಾಟೇ ಇಲ್ಲ. ದೃಷ್ಟಿನ ಆಗೇತಿ," ಎಂದು ಅಲ್ಲೇ ಕೂತಿದ್ದ ನನ್ನತ್ತ ತಿರುಗಿ ಗೆದ್ದವರಂತೆ ಕೈ ಝಾಡಿಸಿದರು. ಬ್ಯಾಡಗಿ ಕಾಯಿಗೆ ಘಾಟು ಕಡಿಮೆ ಎಂದು ಊರಿಗೆಲ್ಲ ಹೇಳಿ ಮಾರಿದವರು ಇವರೇ.

ಮಗಳು ಮೆಲ್ಲಗೆ ಅಂದಳು:

"ಬಣ್ಣ ನೋಡಿದಿಯಲ್ಲಪ್ಪಾ. ಈಗ ಖಾರ ಕೇಳು."