ಬೆಚ್ಚಗಿನ ಕಪಾಟಿನಲ್ಲಿ ಒಂದು ಬಾಟ್ಲಿ

ಆಸ್ಪತ್ರೆಯಲ್ಲಿ ನನ್ನದು ಬಾಟ್ಲಿ ತೊಳೆಯುವ ಕೆಲಸ ಎಂದು ಅಮ್ಮನಿಗೆ ಹೇಳಿದ್ದೆ. ಪೂರ್ತಿ ಸುಳ್ಳಲ್ಲ, ಬಾಟ್ಲಿಯನ್ನೂ ತೊಳೆಯುತ್ತಿದ್ದೆ. ಆದರೆ ಬೆಳಿಗ್ಗೆ ಹೋದ ಕೂಡಲೇ ಪ್ರಯೋಗಾಲಯದಲ್ಲಿ ನಾನು ಮಾಡುತ್ತಿದ್ದದ್ದು ಮೊಟ್ಟೆ ಒಡೆಯುವುದು. ನಮ್ಮದು ಉಡುಪಿ ಕಡೆಯ ಮಡಿಯ ಮನೆ. ಊರು ಬಿಟ್ಟು ದೊಡ್ಡ ಶಹರಕ್ಕೆ, ಸಯನ್‌ನ ಚಾಳಿನ ಒಂದೇ ಕೋಣೆಗೆ ಬಂದು ಬಿದ್ದರೂ ಅಮ್ಮ ಮಡಿ ಬಿಟ್ಟಿರಲಿಲ್ಲ. ಆಸ್ಪತ್ರೆಯಿಂದ ಬಂದವಳು ಮೊದಲು ಸ್ನಾನ ಮಾಡಬೇಕು, ಆಮೇಲೆಯೇ ಒಳಗೆ. ಮೊಟ್ಟೆಯ ಸುದ್ದಿ ತಿಳಿದಿದ್ದರೆ ನನಗೆ ಚಾಳಿನ ಮೆಟ್ಟಿಲೇ ಗತಿಯಾಗುತ್ತಿತ್ತು.

ಕ್ಷಯದ ಕ್ರಿಮಿಯಷ್ಟು ಜಂಬದ್ದು ಇನ್ನೊಂದಿಲ್ಲ. ಬೇರೆ ಕ್ರಿಮಿಗಳು ಒಂದಿಷ್ಟು ಸಾರು ಹಾಕಿಟ್ಟರೆ ಬೆಳಗಾಗುವುದರೊಳಗೆ ಹಬ್ಬಿಬಿಡುತ್ತವೆ. ಇದಕ್ಕೆ ಮೊಟ್ಟೆ ಬೇಕು, ಗ್ಲಿಸರಿನ್ ಬೇಕು, ಗಾಳಿ ಬೇಕು, ಮನುಷ್ಯನ ಮೈಯಷ್ಟೇ ಬಿಸಿ ಬೇಕು. ಆ ಬಿಸಿ ಹೆಚ್ಚಾದರೂ ಆಗದು, ಕಡಿಮೆಯಾದರೂ ಆಗದು. ಇಷ್ಟೆಲ್ಲ ಕೊಟ್ಟರೂ ಕಣ್ಣಿಗೆ ಕಾಣಿಸಿಕೊಳ್ಳಲು ವಾರಗಟ್ಟಲೆ ಸತಾಯಿಸುತ್ತದೆ. ಹೊಸ ಅಳಿಯನಿಗೂ ಇಷ್ಟು ಉಪಚಾರ ಇರಲಿಕ್ಕಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಮೊಟ್ಟೆಗಳನ್ನು ಸೋಪಿನಲ್ಲಿ ತೊಳೆದು, ಸ್ಪಿರಿಟ್ ಒರೆಸಿ, ಒಡೆದು, ಹಸಿರು ಬಣ್ಣ ಬೆರೆಸಿ, ಸಣ್ಣ ಬಾಟ್ಲಿಗಳಿಗೆ ಹೊಯ್ದು ಓರೆಯಾಗಿ ಮಲಗಿಸಿ ಬಿಸಿ ಮಾಡಿದರೆ ಅದು ಗಟ್ಟಿಯಾಗುತ್ತಿತ್ತು. ಅದರ ಮೇಲೆ ರೋಗಿಯ ಕಫ ಸವರಿ ಬೆಚ್ಚಗಿನ ಕಪಾಟಿನಲ್ಲಿ ಇಟ್ಟು ಕಾಯಬೇಕು.

ಹೀಗಿರುವಾಗ ಅಣ್ಣ ಕೆಮ್ಮತೊಡಗಿದ. ಅವನು ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದ. ಕ್ಷಯ ಎಂದು ಗೊತ್ತಾದ ಮೇಲೆ ಕೆಲಸ ಹೋಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲದೆ ಅವನು ಮನೆಯಲ್ಲೇ, ಸೀರೆಯ ಪರದೆಯ ಆಚೆ ಮಲಗಿದ. ಇಂಜೆಕ್ಷನ್ ಸುರುವಾಯಿತು. ಡಾಕ್ಟರು ಹಾಲು, ಮೊಟ್ಟೆ ಚೆನ್ನಾಗಿ ಕೊಡಿ ಎಂದರು.

ಅಮ್ಮ ಒಂದು ದಿನ ಉಣ್ಣಲಿಲ್ಲ. ಮರುದಿನ ತಾನೇ ಹೋಗಿ ಸೆರಗಿನಲ್ಲಿ ಮುಚ್ಚಿ ಮೊಟ್ಟೆ ತಂದಳು. ಹೊರಗೆ ಗ್ಯಾಲರಿಯಲ್ಲಿ ಅದಕ್ಕೆಂದೇ ಬೇರೆ ಇದ್ದಿಲಿನ ಶೇಗಡಿ, ಬೇರೆ ಪಾತ್ರೆ ಇಟ್ಟಳು. ಒಡೆಯಲು ಮಾತ್ರ ಕೈ ಬರಲಿಲ್ಲ. ನಾನು ತೆಗೆದುಕೊಂಡು ಪಾತ್ರೆಯ ಅಂಚಿಗೆ ಒಂದು ಏಟು ಕೊಟ್ಟು, ಒಂದೇ ಕೈಯಲ್ಲಿ ಹಾಲಿಗೆ ಬಿಟ್ಟೆ. ಚಿಪ್ಪಿನ ಚೂರೂ ಬೀಳಲಿಲ್ಲ.

ಅಮ್ಮ ನನ್ನ ಕೈಯನ್ನೇ ನೋಡಿದಳು. "ಇದೆಲ್ಲಿ ಕಲಿತದ್ದು ನೀನು?"

ಹೇಳಲೇಬೇಕಾಯಿತು. ಬಯ್ಯುತ್ತಾಳೆಂದು ಕಾದೆ. ಅವಳು ಬಯ್ಯಲಿಲ್ಲ. "ಅಂದ್ರೆ ಆ ಕ್ರಿಮಿ ತಿನ್ನುದೂ ಮೊಟ್ಟೆಯನ್ನೇ?" ಎಂದು ಮೆಲ್ಲಗೆ ಕೇಳಿದಳು.

ಪರದೆಯ ಆಚೆಯಿಂದ ಅಣ್ಣ, "ಹೌದಮ್ಮ, ನಾವಿಬ್ರೂ ಒಂದೇ ಪಂಕ್ತಿ" ಎಂದು ನಕ್ಕ. ನಕ್ಕದ್ದು ಕೆಮ್ಮಾಯಿತು.

ಮರುದಿನದಿಂದ ಮೊಟ್ಟೆ ನಿಂತಿತು. ಅವನ ಎದೆಯೊಳಗಿನ ಶತ್ರುವಿಗೆ ತಾನೇ ಬಡಿಸುತ್ತಿದ್ದೇನೆ ಎಂಬುದು ಅವಳ ಲೆಕ್ಕ. ಬರೀ ಗಂಜಿ ಕೊಡತೊಡಗಿದಳು. ಅಣ್ಣನ ಕೆನ್ನೆ ಇಳಿಯುವುದನ್ನು ನೋಡಲಾರದೆ ನಾನು ಕಿರುಚಿದೆ: "ಅದನ್ನು ಉಪವಾಸ ಕೆಡವ್ಲಿಕ್ಕೆ ಇವನನ್ನು ಉಪವಾಸ ಕೆಡವ್ತೀಯಾ? ಇವನಿಗೆ ಶಕ್ತಿ ಬಂದ್ರೆ ಅಲ್ವಾ ಅದು ಸಾಯೂದು?" ಅಮ್ಮ ಮೂಲೆಯಲ್ಲಿ ಕೂತು ಅತ್ತಳು. ಸಂಜೆ ಮತ್ತೆ ಸೆರಗಿನಲ್ಲಿ ಮೊಟ್ಟೆ ಬಂತು.

ಇಂಜೆಕ್ಷನ್ನಿನ ಸರಣಿ ಮುಗಿದಾಗ ಡಾಕ್ಟರು ಅಣ್ಣನ ಕಫವನ್ನು ಬೆಳೆಸಿ ನೋಡಲು ಹೇಳಿದರು. ಏನೂ ಬೆಳೆಯದಿದ್ದರೆ ಔಷಧ ಹಿಡಿದಿದೆ, ಇವನು ಉಳಿದುಕೊಳ್ಳುತ್ತಾನೆ ಎಂದು ಧೈರ್ಯ ತೆಗೆದುಕೊಳ್ಳಬಹುದು. ನಾನೇ ಸವರಿದೆ, ನಾನೇ ಕಪಾಟಿನಲ್ಲಿ ಇಟ್ಟೆ. ಆ ಬಾಟ್ಲಿ ಖಾಲಿ ಉಳಿಯಲಿ ಎಂದು ನಾನು ಬೇಡಿಕೊಂಡಷ್ಟು ಯಾವ ದೇವರ ಎದುರೂ ಏನನ್ನೂ ಬೇಡಿಕೊಂಡಿಲ್ಲ.

ದಿನಾ ಸಂಜೆ ಅಮ್ಮ ಕೇಳುತ್ತಿದ್ದಳು, "ಬೆಳೀತಾ?"

"ಇಲ್ಲ."

ಅದು ಚಳಿಗಾಲ. ದೋಸೆ ಹಿಟ್ಟು ಹುಳಿ ಬರದೆಂದು ಅಮ್ಮ ಪಾತ್ರೆಗೆ ಹಳೆಯ ಕಂಬಳಿ ಸುತ್ತಿ ಒಲೆಯ ಬದಿಗೆ ಇಡುತ್ತಿದ್ದಳು. ಒಂದು ದಿನ ಹಾಗೆ ಸುತ್ತುತ್ತಲೇ ಕೈ ನಿಲ್ಲಿಸಿ, "ಆ ಬಾಟ್ಲಿಯನ್ನು ಯಾಕೆ ಬೆಚ್ಚಗೆ ಇಡ್ತೀರಿ ನೀವು? ಹೊರಗೆ ತೆಗೆದಿಡು ಮಾರಾಯ್ತಿ. ಚಳಿಗೆ ಇಟ್ರೆ ಹಿಟ್ಟೂ ಉಬ್ಬುದಿಲ್ಲ" ಎಂದಳು.

"ಬಾಟ್ಲಿ ತಣ್ಣಗಾದ್ರೆ ಅವನ ಎದೆ ತಣ್ಣಗಾಗ್ತದಾ ಅಮ್ಮ?"

"ಇಲ್ಲ, ಗೊತ್ತುಂಟು ನನಗೆ" ಎಂದಳು. ಕಂಬಳಿಯ ತುದಿ ಸಿಕ್ಕಿಸುತ್ತ, "ಆದ್ರೂ" ಎಂದಳು.

ಬಾಟ್ಲಿಯಲ್ಲಿ ಇನ್ನೂ ಏನೂ ಕಾಣಿಸದಿರುವಾಗಲೇ ಒಂದು ಬೆಳಿಗ್ಗೆ ಅಣ್ಣ ರಕ್ತ ಕಾರಿದ. ಡಾಕ್ಟರು ಮೆಟ್ಟಿಲು ಹತ್ತಿ ಬರುವುದರೊಳಗೆ ಎಲ್ಲ ಮುಗಿದಿತ್ತು. ಗ್ಯಾಲರಿಯ ಶೇಗಡಿಯ ಮೇಲೆ ಅವನ ಹಾಲು ಉಕ್ಕಿ ಸೀದು ಹೋಯಿತು. ಯಾರೂ ನೋಡಲಿಲ್ಲ.

ಕ್ರಿಯೆಗಳೆಲ್ಲ ಮುಗಿದು ನಾನು ಕೆಲಸಕ್ಕೆ ಹೋದೆ. ಕಪಾಟು ತೆರೆದೆ. ಅಣ್ಣನ ಬಾಟ್ಲಿಯಲ್ಲಿ, ಹಸಿರಿನ ಮೇಲೆ, ಒಣ ರವೆ ಚೆಲ್ಲಿದ ಹಾಗೆ ಅದು ಬೆಳೆದಿತ್ತು. ಚೆನ್ನಾಗಿಯೇ ಬೆಳೆದಿತ್ತು. ನನಗೆ ಅದರ ಮೇಲೆ ದ್ವೇಷ ಬರಬೇಕಿತ್ತು, ಬಂತು ಕೂಡ. ಅದರ ಜೊತೆಗೆ, ಅವನ ಮೈಯಿಂದ ಬಂದದ್ದರಲ್ಲಿ ಇನ್ನೂ ಜೀವ ಇರುವುದು ಇದೊಂದೇ ಎನ್ನಿಸಿ ಕಣ್ಣು ಮಂಜಾಯಿತು. ನೋಡಿ ಬರೆದಾದ ಬಾಟ್ಲಿಗಳನ್ನು ಹಬೆಯ ಡ್ರಮ್ಮಿಗೆ ಹಾಕಿ ಕೊಲ್ಲುವುದು ಅಲ್ಲಿಯ ಕ್ರಮ. ಮಧ್ಯಾಹ್ನ ಉಳಿದವುಗಳ ಜೊತೆ ಅದನ್ನೂ ಹಾಕಿ ಮುಚ್ಚಳ ಬಿಗಿದೆ.

ಸ್ನಾನ ಮಾಡಿ ಒಳಗೆ ಬಂದಾಗ ಅಮ್ಮ ಗೋಡೆಗೆ ಒರಗಿ ಕೂತಿದ್ದಳು.

"ಬೆಳೀತಾ?"

ಈಗ ಮುಚ್ಚಿಟ್ಟು ಏನಾಗಬೇಕು? "ಬೆಳೆದಿದೆ" ಎಂದೆ.

ಅವಳು ಒಲೆಯ ಬದಿಯ ಹಳೆಯ ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಅಲ್ಲಿ ಬೆಚ್ಚಗೆ ಉಂಟಲ್ಲ?" ಎಂದು ಕೇಳಿದಳು. "ಹೊರಗೆ ತೆಗೀಬೇಡ ಆಯ್ತಾ. ಇರ್ಲಿ ಅಲ್ಲೇ."

"ಬೆಚ್ಚಗೇ ಉಂಟಮ್ಮ" ಎಂದೆ.