ತೆಗೆದವರ ಒಪ್ಪಿಗೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಅತ್ತೆ ಒಬ್ಬರೇ. ಉಳಿದವರಿಗೆಲ್ಲ ಅವಳು ಕತ್ತಲಕ್ಕ. ಹೆಸರು ಕೇಳಿ ಇದೇನೋ ದೆವ್ವದ ಕಥೆ ಎಂದುಕೊಳ್ಳಬೇಡಿ. ಇಪ್ಪತ್ತಾರು ವರ್ಷ ಫೋಟೊ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ, ಮಂಕು ಕೆಂಪು ದೀಪದ ಕೆಳಗೆ ಪ್ರಿಂಟು ತೆಗೆದವಳಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಇಟ್ಟ ಮಕ್ಕಳಿಗೇ ಈಗ ಮಕ್ಕಳಾಗಿವೆ, ಹೆಸರು ಮಾತ್ರ ಅಳಿಸಿಲ್ಲ.

ಗಂಡ ಫೋಟೊಗ್ರಾಫರ್. ಅವನು ಕ್ಯಾಮೆರಾ ಹೊತ್ತು ಊರೂರು ಅಲೆದು ರೋಲು ತಂದು ಕೈಗಿಟ್ಟರೆ ಅವಳ ಕೆಲಸ ಶುರು. ತೊಳೆಯಬೇಕು, ಒಣಗಿಸಬೇಕು, ಎನ್ಲಾರ್ಜರಿಗೆ ಹಾಕಿ ಕಾಗದದ ಮೇಲೆ ಲೆಕ್ಕ ಹಾಕಿ ಬೆಳಕು ಬೀಳಿಸಬೇಕು. ಮುಖ ಕಪ್ಪಾಗುವ ಹಾಗೆ ಕಂಡರೆ ಬೆಳಕಿಗೆ ಎರಡು ಸೆಕೆಂಡು ಅಂಗೈ ಅಡ್ಡ ಹಿಡಿದು ಮುಖ ಉಳಿಸುತ್ತಿದ್ದಳು. ಆಕಾಶ ಪೂರಾ ಬೆಳ್ಳಗೆ ಬರುವಂತಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಇನ್ನಷ್ಟು ಬೆಳಕು ಕುಡಿಸಿ ಮೋಡ ಬರಿಸುತ್ತಿದ್ದಳು. ಆ ಕೈಚಳಕಕ್ಕೆ ಬೇರೆ ಸ್ಟುಡಿಯೋದವರೂ ಬೆರಗಾಗುತ್ತಿದ್ದರು.

“ಗುಂಡಿ ಒತ್ತೋದು ಅರ್ಧ ಸೆಕೆಂಡಿನ ಕೆಲ್ಸ. ಮಿಕ್ಕಿದ್ದೆಲ್ಲ ನಂದು” ಎಂದು ಗಂಡನನ್ನು ಛೇಡಿಸುವುದು ಅವಳ ಅಭ್ಯಾಸ.

“ಆಯ್ತು ಮಹರಾಯ್ತಿ, ಫೋಟೊ ನಿಂದೇ. ನಾನು ಬರೀ ಮೂಟೆ ಹೊರೋನು” ಎಂದು ಅವನು ನಗುತ್ತಿದ್ದ. ಎಷ್ಟು ವರ್ಷ ಆಡಿದ ಮಾತೋ, ಕೊನೆಗೆ ಅವಳು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಳು. ಮುಂದೆ ಆದ ಯಡವಟ್ಟಿಗೆಲ್ಲ ಅದೇ ಮೂಲ.

ಮದುವೆ ಫೋಟೊ, ಪಾಸ್‌ಪೋರ್ಟ್ ಫೋಟೊ ಹೊಟ್ಟೆಪಾಡಿಗೆ. ತನ್ನ ಖುಷಿಗೆ ಅವನು ತೆಗೆಯುತ್ತಿದ್ದುದು ಕೈಕಸುಬಿನವರನ್ನು. ಪಾತ್ರೆಗೆ ಕಲಾಯಿ ಹಾಕುವವನು, ಚಾಕು ಸಾಣೆ ಹಿಡಿಯುವವನು, ಬೆತ್ತದ ಕುರ್ಚಿ ಹೆಣೆಯುವ ಕಣ್ಣಿಲ್ಲದ ಮನುಷ್ಯ, ಕೊಡೆ ರಿಪೇರಿಯ ಮುದುಕಿ. “ಇನ್ನು ಹತ್ತು ವರ್ಷಕ್ಕೆ ಇವರ್ಯಾರೂ ಕಾಣಲ್ಲ, ನೋಡ್ತಿರು” ಎನ್ನುತ್ತಿದ್ದ. ಕಾಣದೆ ಹೋಗುವವರಲ್ಲಿ ತಾನೇ ಮೊದಲಿಗನಾಗುತ್ತೇನೆ ಎಂದು ಆ ಪುಣ್ಯಾತ್ಮನಿಗೆ ಗೊತ್ತಿತ್ತೋ ಇಲ್ಲವೋ.

ಹನ್ನೊಂದು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ, ಮರದ ಪೀಪಾಯಿ ಮಾಡುವವನೊಬ್ಬ ದೂರದ ಊರಿನಲ್ಲಿ ಇನ್ನೂ ಇದ್ದಾನಂತೆ ಎಂಬ ಸುದ್ದಿ ಹಿಡಿದು ಅವನು ಬಸ್ಸು ಹತ್ತಿದ. ಎರಡು ಜೊತೆ ಬಟ್ಟೆ, ಕ್ಯಾಮೆರಾ, ನಾಲ್ಕು ರೋಲು. ಹೊರಡುವಾಗ ಜಗಳವಾಗಿರಲಿಲ್ಲ. ಕಾಯಿಲೆ ಕಸಾಲೆ ಇರಲಿಲ್ಲ. ಆದರೆ ಪೀಪಾಯಿಯವನ ಮನೆಗೆ ಅವನು ಮುಟ್ಟಲೇ ಇಲ್ಲ. ಪೊಲೀಸರು ಬರೆದುಕೊಂಡರು, ಪತ್ರಿಕೆಗೆ ಹಾಕಿಸಿದ್ದಾಯಿತು, ಆಸ್ಪತ್ರೆಗಳನ್ನು ಸುತ್ತಿದ್ದಾಯಿತು. ಅಂಗಿಯ ಒಂದು ಗುಂಡಿ, ಒಂದು ಚಪ್ಪಲಿಯ ಸುಳಿವೂ ಸಿಗಲಿಲ್ಲ.

ಏಳು ವರ್ಷ ತುಂಬಿದ ಮೇಲೆ ನೆಂಟರು ಬಂದು, ಕೋರ್ಟಿಗೆ ಅರ್ಜಿ ಕೊಟ್ಟರೆ ಒಂದು ಕಾಗದ ಸಿಗುತ್ತದೆ ಎಂದರು. ಅದು ಅವನು ಸತ್ತನೆಂಬ ಕಾಗದವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ಅಂದಿನಿಂದ ಅತ್ತೆ ಸೊಸೆ ಇಬ್ಬರೇ ಇರುವ ಆ ಮನೆಯಲ್ಲಿ ಅವನ ಬಗ್ಗೆ ಆಡುವ ಮಾತಿಗೆಲ್ಲ ವರ್ತಮಾನ ಕಾಲವೇ ಗಟ್ಟಿ. ಅವನಿಗೆ ಹಾಗಲಕಾಯಿ ಆಗಲ್ಲ. ಅವನು ಎಡಗಡೆ ಮಲಗ್ತಾನೆ. ಅಂಗಡಿಗೆ ಬಂದ ಗಿರಾಕಿ ಕೇಳಿದರೆ, “ಊರಲ್ಲಿಲ್ಲ.” ಅಷ್ಟೇ. ಇದನ್ನು ಅತ್ತೆಯ ಸಲುವಾಗಿ ಮಾಡುತ್ತಿದ್ದೇನೆ ಎಂದು ಸೊಸೆ ಅಂದುಕೊಂಡಿದ್ದಳು. ಅತ್ತೆ ಏನಂದುಕೊಂಡಿದ್ದರೋ ಯಾರು ಬಲ್ಲರು.

ಡಾರ್ಕ್‌ರೂಮು ಈಗ ಉಗ್ರಾಣ. ಮನೆಯ ಮುಂಭಾಗದ ಸ್ಟುಡಿಯೋದಲ್ಲಿ ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಲ್ಯಾಮಿನೇಷನ್ ಮಷೀನು. ಐವತ್ತೆಂಟರ ಕತ್ತಲಕ್ಕ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಕತ್ತರಿಸುತ್ತ ಕೂತಿರುತ್ತಾಳೆ. ಎಂಬತ್ತು ದಾಟಿದ ಅತ್ತೆ ಮಧ್ಯಾಹ್ನ ಪೂರ್ತಿ ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿಕೊಂಡಿರುತ್ತಾರೆ, ಅಲ್ಲಿಂದ ಬೀದಿ ಚೆನ್ನಾಗಿ ಕಾಣುತ್ತದೆ ಎಂದು.

ಇಂಥ ಅಂಗಡಿಗೆ ಒಂದು ದಿನ ಲೈಬ್ರರಿಯ ಮೇಡಂ ಗುರುತಿನ ಚೀಟಿ ಲ್ಯಾಮಿನೇಷನ್ ಮಾಡಿಸಲು ಬಂದವರು, ಗೋಡೆಯ ಮೇಲಿದ್ದ ಕಲಾಯಿಯವನ ಫೋಟೊ ನೋಡಿ ನಿಂತೇಬಿಟ್ಟರು. ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಇದೆ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಅವರು ವಿವರಿಸಿದರು. ಅಲ್ಲಿ ಕಲಾಯಿ ಬಗ್ಗೆ ಲೇಖನ ಇದೆ, ಫೋಟೊ ಇಲ್ಲ. “ಇದನ್ನ ಹಾಕಿ ಅಕ್ಕಾ, ಪ್ರಪಂಚಾನೇ ನೋಡುತ್ತೆ” ಎಂದರು.

ಪ್ರಪಂಚವೇ ನೋಡುತ್ತದೆ ಎಂಬ ಮಾತು ಕತ್ತಲಕ್ಕನ ತಲೆಯೊಳಗೆ ಹುಳ ಬಿಟ್ಟಿತು. ಫೋಟೊದ ಕೆಳಗೆ ಅವನ ಹೆಸರಿರುತ್ತದೆ. ಎಲ್ಲೋ ಯಾರೋ ನೋಡುತ್ತಾರೆ. ಈ ಮನುಷ್ಯ ನಮ್ಮ ಬೀದಿಯಲ್ಲೇ ಇದ್ದಾನಲ್ಲ ಎಂದು ಒಬ್ಬರಿಗಾದರೂ ಅನ್ನಿಸಬಹುದು. ಅಥವಾ ಅವನೇ ನೋಡಬಹುದು. ಕಲಾಯಿಯ ಉದ್ಧಾರಕ್ಕಾಗಿ ಅವಳು ಹೊರಟಳು ಎಂದು ನಾನು ಹೇಳಿದರೆ ಅದು ಶುದ್ಧ ಸುಳ್ಳು. ಅವಳು ಹಾಕಿದ್ದು ಕಾಣೆಯಾದವನ ಪ್ರಕಟಣೆ, ಇಪ್ಪತ್ತೊಂದು ಚಿತ್ರಗಳಲ್ಲಿ.

ಎರಡು ವಾರ ಸ್ಕ್ಯಾನ್ ಮಾಡಿದಳು. ವಿಶ್ವಕೋಶಕ್ಕೆ ಸೇರಿಸುವಾಗ ಕಂಪ್ಯೂಟರು ಕೇಳಿತು: ಇದು ಯಾರ ಕೃತಿ? ನನ್ನದೇ, ಬೇರೆಯವರದು ಎಂದು ಎರಡು ಆಯ್ಕೆ. ಅವಳಿಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ. ನನ್ನದೇ ಎಂಬುದನ್ನು ಒತ್ತಿದಳು. ಕೆಳಗೆ ವಿವರ ಬರೆಯುವ ಜಾಗದಲ್ಲಿ ಪ್ರಾಮಾಣಿಕವಾಗಿ ಗಂಡನ ಹೆಸರು ಬರೆದು, ‘ಕ್ಯಾಮೆರಾ: ನನ್ನ ಯಜಮಾನರು. ಪ್ರಿಂಟು: ನಾನು’ ಎಂದು ಸೇರಿಸಿದಳು. ಇಪ್ಪತ್ತೊಂದಕ್ಕೂ ಹಾಗೆಯೇ.

ಒಂದು ತಿಂಗಳು ಮನೆಯಲ್ಲಿ ಹೊಸ ಕಳೆ. ಅತ್ತೆಯ ಕಣ್ಣಿಗೆ ಕಾಣಲೆಂದು ತನ್ನ ಫೋನಿನ ಅಕ್ಷರಗಳನ್ನು ದಪ್ಪ ಮಾಡಿಟ್ಟಿದ್ದಳು. ಅತ್ತೆ ಮಗನ ಹೆಸರನ್ನು ಬೆರಳಿಟ್ಟು ಓದಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿ ಅವರ ಪ್ರಾಣ ತಿನ್ನುತ್ತಿದ್ದರು.

ಆಮೇಲೆ ಆ ಸಂದೇಶ ಬಂತು. ಬರೆದವನು ವಿಶ್ವಕೋಶದ ಸ್ವಯಂಸೇವಕ, ತಿದ್ದುಗಾರ ಎಂದು ಅಡ್ಡಹೆಸರಿಟ್ಟುಕೊಂಡವನು. ಒರಟನೇನಲ್ಲ. ಹೊಸಬರಿಗೆ ಸ್ವಾಗತ ಎಂದೇ ಶುರು ಮಾಡಿದ್ದ. ಚಿತ್ರಗಳು ಬಹಳ ಚೆನ್ನಾಗಿವೆ, ಆದರೆ ಫೋಟೊದ ಹಕ್ಕು ತೆಗೆದವರದು. ಪ್ರಿಂಟು ಮಾಡಿದವರದಲ್ಲ, ಸ್ಕ್ಯಾನ್ ಮಾಡಿದವರದಲ್ಲ, ಮನೆಯಲ್ಲಿ ಇಟ್ಟುಕೊಂಡವರದೂ ಅಲ್ಲ. ಇವನ್ನು ಯಾರು ಬೇಕಾದರೂ ಬಳಸಬಹುದು ಎಂದು ತೆಗೆದವರೇ ಒಪ್ಪಿಗೆ ಕೊಡಬೇಕು. ಏಳು ದಿನದೊಳಗೆ ಒಪ್ಪಿಗೆ ಬರದಿದ್ದರೆ ಅಳಿಸಬೇಕಾಗುತ್ತದೆ.

ಕತ್ತಲಕ್ಕನಿಗೆ ಮೈಯೆಲ್ಲ ಉರಿಯಿತು. ‘ಆ ಮುಖಗಳು ಕಾಣುವುದೇ ನನ್ನ ಅಂಗೈಯಿಂದ’ ಎಂದು ಬರೆದಳು. ‘ಕೈಚಳಕಕ್ಕೆ ನಮಸ್ಕಾರ, ಆದರೂ ನಿಯಮ ಇದೇ’ ಎಂದು ಅವನು ಉತ್ತರಿಸಿದ. ಕೊನೆಗೆ ಎರಡು ದಾರಿ ತೋರಿಸಿದ. ನಿಮ್ಮ ಯಜಮಾನರು ಇದ್ದರೆ ಅವರ ಮಿಂಚಂಚೆಯಿಂದ ನಾಲ್ಕು ಸಾಲು ಸಾಕು. ಇಲ್ಲವಾಗಿದ್ದರೆ, ಕ್ಷಮಿಸಿ, ಅವರು ತೀರಿಕೊಂಡ ಇಸವಿ ಬರೆದು ವಾರಸುದಾರರಾಗಿ ನೀವೇ ಒಪ್ಪಿಗೆ ಕೊಡಬಹುದು.

ಅವನಿಗೇನು ಗೊತ್ತು? ಒಂದು ಸಾಮಾನ್ಯ ಪ್ರಶ್ನೆ ಕೇಳಿದ್ದ. ಹನ್ನೊಂದು ವರ್ಷ ಪೊಲೀಸರೆದುರು, ನೆಂಟರೆದುರು ಅವಳು ತಪ್ಪಿಸಿಕೊಂಡು ಬಂದ ಪ್ರಶ್ನೆ ಅವಳ ಅಂಗಡಿಯ ಕಂಪ್ಯೂಟರಿನೊಳಗೇ ಬಂದು ಕೂತಿತ್ತು.

“ಇಸವಿ ಬರೆದ್ಬಿಡಿ ಅಕ್ಕಾ” ಎಂದರು ಲೈಬ್ರರಿಯ ಮೇಡಂ, ಸಂದೇಶ ಓದಿ, ಧ್ವನಿ ತಗ್ಗಿಸಿ. “ಅವರು ಬಸ್ಸು ಹತ್ತಿದ ವರ್ಷವೇ ಬರೀರಿ. ಯಾರು ಬಂದು ನೋಡ್ತಾರೆ?”

“ಯಾರಾದ್ರೂ ನೋಡ್ಲಿ ಅಂತಲೇ ಅಲ್ವಾ ಮೇಡಂ ನಾನು ಹಾಕಿದ್ದು?”

ಇಸವಿ ಬರೆದರೆ ಚಿತ್ರಗಳು ಉಳಿಯುತ್ತವೆ, ಪ್ರತಿ ಚಿತ್ರದ ಕೆಳಗೆ ಅವನ ಹೆಸರಿನ ಪಕ್ಕ ಆ ಇಸವಿಯೂ ಉಳಿಯುತ್ತದೆ. ಸತ್ತವನನ್ನು ಯಾರು ಹುಡುಕುತ್ತಾರೆ? ಬರೆಯದಿದ್ದರೆ ಹೆಸರೂ ಚಿತ್ರವೂ ಒಟ್ಟಿಗೆ ಹೋಗುತ್ತವೆ. ಐದು ದಿನ ಅವಳಿಗೆ ಅದೇ ಯೋಚನೆ. ಒಬ್ಬರ ಫೋಟೊ ಇನ್ನೊಬ್ಬರ ಲಕೋಟೆಗೆ ಹಾಕಿ ಕೊಟ್ಟು ಬೈಸಿಕೊಂಡಳು.

ಆರನೆಯ ದಿನ ಭಾನುವಾರ. ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿಕೊಂಡು ಗಂಡನ ಮಿಂಚಂಚೆಯ ಪೆಟ್ಟಿಗೆ ತೆರೆದಳು. ಅದರ ಗುಪ್ತಪದ ಅವಳಿಗೆ ಮೊದಲಿಂದಲೂ ಗೊತ್ತು. ಅವನೇ ಒಳಗೆ ಬಂದು ಹೋಗಿದ್ದಾನೋ ಎಂದು ತಿಂಗಳಿಗೊಮ್ಮೆ ಇಣುಕುತ್ತಲೇ ಇದ್ದಳು. ಇಣುಕುವುದು ಬೇರೆ, ಅಲ್ಲಿ ಕೂತು ಬರೆಯುವುದು ಬೇರೆ. ಕಳ್ಳಿಯ ಹಾಗೆ ಬೀದಿಯತ್ತ ಒಮ್ಮೆ ನೋಡಿ ಬರೆಯತೊಡಗಿದಳು. ಕಷ್ಟವೇ ಆಗಲಿಲ್ಲ, ಅದೇ ಅವಳಿಗೆ ಭಯ ಹುಟ್ಟಿಸಿತು.

‘ನಮಸ್ಕಾರ. ಈ ಇಪ್ಪತ್ತೊಂದು ಫೋಟೊ ತೆಗೆದವನು ನಾನು. ಯಾರು ಬೇಕಾದರೂ ಬಳಸಿಕೊಳ್ಳಲಿ, ನನ್ನ ತಕರಾರಿಲ್ಲ. ತಿರುಗಾಟದಲ್ಲಿದ್ದೆ, ತಡವಾಯಿತು. ಪ್ರಿಂಟು ಚೆನ್ನಾಗಿ ಬಂದಿದ್ದರೆ ಆ ಪುಣ್ಯ ಮನೆಯವಳದು.’

ಕೆಳಗೆ ಅವನ ಹೆಸರು. ಇಷ್ಟು ವರ್ಷ ಸುಮ್ಮನಿದ್ದ ಪೆಟ್ಟಿಗೆಯಿಂದ ಕಾಗದ ಹೊರಗೆ ಹೋಗುತ್ತದೋ ಇಲ್ಲವೋ ಎಂಬ ಅನುಮಾನ. ತಿದ್ದುಗಾರನಿಗೆ ಕಳಿಸುವ ಮುಂಚೆ ಒಮ್ಮೆ ನೋಡೋಣವೆಂದು ತನ್ನ ವಿಳಾಸಕ್ಕೇ ಕಳಿಸಿದಳು.

ಅತ್ತೆ ಕೂತಿದ್ದ ಬೆಂಚಿನ ಮೇಲೆ ಅವಳ ಫೋನು ಟಿಣ್ ಎಂದಿತು. ಕಳಿಸಿದವಳು ತಾನೇ, ಕ್ಷಣದ ಹಿಂದೆ ತಾನೇ ಗುಂಡಿ ಒತ್ತಿದ್ದಾಳೆ, ಆದರೂ ಅರೆಗಳಿಗೆ ಅವಳು ಎಲ್ಲ ಮರೆತು, ಬಂತು ಎಂದುಕೊಂಡಳು. ಹನ್ನೊಂದು ವರ್ಷದಲ್ಲಿ ಅವಳಿಗೆ ಸಿಕ್ಕ ಸಂತೋಷವೆಂದರೆ ಅದೊಂದೇ, ಅಷ್ಟೇ ಉದ್ದದ್ದು.

ಅಷ್ಟರಲ್ಲಿ ಫೋನು ಅತ್ತೆಯ ಕೈಯಲ್ಲಿತ್ತು. ಅವರು ಅಕ್ಷರದ ಮೇಲೆ ಬೆರಳಿಟ್ಟಿದ್ದರು.

“ಇದು ನನ್ ಮಗನ ಹೆಸರಲ್ವೇನೇ?” ಎಂದರು. ಚಾಚಿದ್ದ ಕಾಲು ಕೆಳಗಿಳಿದಿತ್ತು. “ಅವನೇ ಬರ್ದಿದಾನಲ್ಲೇ! ಎಲ್ಲಿದಾನಂತೆ? ಓದೇ ಬೇಗ, ಎಲ್ಲಿದಾನಂತೆ?”

ಒಂದು ಊರಿನ ಹೆಸರು ಹೇಳಿಬಿಟ್ಟರೆ ಮುಗಿಯಿತು. ಮುದುಕಿ ಇನ್ನೆಷ್ಟು ದಿನ? ನೆಮ್ಮದಿಯಾಗಿ ಇದ್ದು ಹೋಗುತ್ತಾರೆ. ಆದರೆ ಹೊತ್ತು ಮುಳುಗುವುದರೊಳಗೆ ಇವರು ಗಂಟು ಕಟ್ಟಿಕೊಂಡು ಆ ಊರಿಗೆ ಹೊರಟು ನಿಲ್ಲುತ್ತಾರೆ ಎಂಬುದೂ ಕತ್ತಲಕ್ಕನಿಗೆ ಗೊತ್ತು.

“ಅತ್ತೆ, ಅದು ಅವರು ಬರ್ದಿದ್ದಲ್ಲ. ನಾನೇ ಬರ್ದೆ. ಇಲ್ಲೇ ಕೂತ್ಕೊಂಡು, ಈಗ.”

“ನೀನಾ? ನೀನ್ಯಾಕ್ ಬರ್ದೆ?”

ಅವಳು ಎಲ್ಲವನ್ನೂ ಹೇಳಿದಳು. ನಿಯಮ, ಏಳು ದಿನ, ಎರಡು ದಾರಿ. ಎರಡನೆಯ ದಾರಿಯನ್ನು ಮಾತ್ರ ಬೀದಿಯತ್ತ ನೋಡುತ್ತ ಹೇಳಿದಳು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡರು.

“ಇಸವಿ ಅಂದ್ರೆ ಯಾವ್ದು ಬರೀತಿದ್ದೆ?”

“ಗೊತ್ತಿಲ್ಲ ಅತ್ತೆ.”

“ನಂಗೂ ಗೊತ್ತಿಲ್ಲ ಕಣೆ.”

ಅವನ ವಿಷಯದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಆಡಿದ ಮೊದಲ ನಿಜ ಅದು. ಕತ್ತಲಕ್ಕ ಕಂಪ್ಯೂಟರಿಗೆ ಹಿಂದಿರುಗಿ, ತನ್ನ ಹೆಸರಿನಲ್ಲೇ ತಿದ್ದುಗಾರನಿಗೆ ಉತ್ತರ ಬರೆದಳು. ‘ಫೋಟೊ ತೆಗೆದವರು ಬದುಕಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಒಪ್ಪಿಗೆ ತರಲು ಆಗುವುದಿಲ್ಲ. ತೀರಿಕೊಂಡರು ಎನ್ನಲು ನನ್ನಿಂದ ಆಗುವುದಿಲ್ಲ. ನಿಯಮ ಏನಿದೆಯೋ ಹಾಗೆ ಮಾಡಿ.’

ಉತ್ತರ ಬರಲು ಒಂದು ದಿನ ಹಿಡಿಯಿತು. ನನಗೆ ತಿಳಿದಿರಲಿಲ್ಲ, ದಯವಿಟ್ಟು ಕ್ಷಮಿಸಿ ಎಂದಿದ್ದ. ಬೇರೆ ದಾರಿ ಇದೆಯೇ ಎಂದು ನಾಲ್ಕು ಜನರನ್ನು ಕೇಳಿದೆ, ಇಲ್ಲವಂತೆ ಎಂದೂ ಬರೆದಿದ್ದ. ಪಾಪ, ಅವನೇನು ಮಾಡಿಯಾನು. ಇನ್ನೊಬ್ಬರ ಕೆಲಸವನ್ನು ಕೇಳದೆ ಎತ್ತಿಕೊಳ್ಳಬಾರದು ಎಂಬ ನಿಯಮ ತಪ್ಪೆಂದು ಕತ್ತಲಕ್ಕನೂ ಹೇಳಲಾರಳು.

ಎಂಟನೆಯ ದಿನ ಅವಳು ಕೆಲಸ ಬಿಟ್ಟು ನೋಡುತ್ತ ಕೂತಳು. ಕಲಾಯಿಯವನು ಹೋದ, ಸಾಣೆಯವನು ಹೋದ, ಕೊಡೆಯ ಮುದುಕಿ ಹೋದಳು. ಒಂದೊಂದರ ಜೊತೆಗೆ ಅವನ ಹೆಸರೂ ಹೋಯಿತು. ಹತ್ತು ನಿಮಿಷದೊಳಗೆ ಇಪ್ಪತ್ತೊಂದೂ ಮುಗಿದವು. ಪ್ರಿಂಟುಗಳು ಟ್ರಂಕಿನಲ್ಲಿ ಭದ್ರವಾಗಿವೆ, ನಿಜ. ಆದರೆ ಟ್ರಂಕಿನೊಳಗೆ ಅವನನ್ನು ಯಾರು ನೋಡಬೇಕು? ಅವಳು ಮೇಜಿಗೆ ತಲೆಯಿಟ್ಟು ಅತ್ತಳು, ಮೊದಲ ವರ್ಷದಲ್ಲೂ ಹಾಗೆ ಅತ್ತಿರಲಿಲ್ಲ.

ಅತ್ತು ಮುಖ ತೊಳೆದು ಬಂದವಳು, ತಾನು ಬರೆದ ಆ ಕಳ್ಳ ಕಾಗದವನ್ನಾದರೂ ಅಳಿಸಿಹಾಕೋಣ ಎಂದು ಫೋನು ಎತ್ತಿಕೊಂಡಳು. ಅತ್ತೆ ಬೆಂಚಿನಿಂದಲೇ ಕೈ ಚಾಚಿದರು.

“ಅದನ್ ಮಾತ್ರ ತೆಗೀಬೇಡ ಕಣೆ.”

“ಅದು ಸುಳ್ಳು ಅತ್ತೆ. ನಾನು ಬರ್ದಿದ್ದು.”

“ಗೊತ್ತು. ನೀನ್ ಬರ್ದಿದ್ದೇ ಇರ್ಲಿ. ಅವನು ಮಾತಾಡ್ದಂಗೇ ಇದೆ. ಇನ್ನೊಂದ್ಸಲ ಓದು.”

ಅವಳು ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು, ನಮಸ್ಕಾರ ಎಂಬಲ್ಲಿಂದ ಶುರು ಮಾಡಿ ಕೊನೆಯ ಹೆಸರಿನವರೆಗೂ ಓದಿದಳು.