ಚಂದ್ರಿಯ ಕಾಲಿಗೆ ನಾನು ಹಚ್ಚದ ಕೈ

ಅಕ್ಕಾ, ಚಂದ್ರಿಗೆ ನಾನು ವ್ಯಾಯಾಮ ಮಾಡಿಸಲಿಲ್ಲ. ನಲವತ್ತು ದಿನ ನಿನಗೆ ಫೋನಿನಲ್ಲಿ ಹೇಳಿದ್ದು — ಮೊದಲ ಆರು ದಿನ ಬಿಟ್ಟರೆ — ಎಲ್ಲವೂ ಸುಳ್ಳು. ನಾಲ್ಕು ವರ್ಷದಿಂದ ಈ ಮಾತು ಗಂಟಲವರೆಗೆ ಬಂದು ಬಂದು ಒಳಗೇ ಇಳಿದಿದೆ. ಬರೆದು ಹೇಳುತ್ತಿದ್ದೇನೆ, ಏಕೆಂದರೆ ನಿನ್ನ ಮುಖ ನೋಡುತ್ತ ಶುರು ಮಾಡಿದರೆ ನಾನು ಬೇರೇನನ್ನೋ ಹೇಳಿಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಭಾವ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಚಂದ್ರಿ ಅವರು ತಂದು ಸಾಕಿದ ನಾಯಿ. ಪಾಠ ಮುಗಿಸಿ ಶಾಲೆಯಿಂದ ದೋಣಿಮಲೈಯ ಆ ಮನೆಗೆ ನೀನು ಹಿಂತಿರುಗುವಾಗ ಬಾಗಿಲಲ್ಲಿ ಕಾಯುತ್ತಿದ್ದ ಜೀವ ಅದೊಂದೇ. ಒಂದು ದಿನ ಚಂದ್ರಿ ಕೋತಿಗಳ ಬೆನ್ನು ಹತ್ತಿ ಮನೆ ಹಿಂದಿನ ಕಲ್ಲುಗೋಡೆಯಿಂದ ಬಿದ್ದಳು. ಮುಂಗಾಲು ಊರಿಕೊಂಡು, ಹಿಂದಿನ ಎರಡೂ ಕಾಲು ಎಳೆಯುತ್ತ ಮನೆಗೆ ಬಂದಳು. ಹೊಸಪೇಟೆಯ ಡಾಕ್ಟರ ಮೇಜಿನ ಮೇಲೆ ಅವಳನ್ನು ಮಲಗಿಸಿದ್ದು ನಾವಿಬ್ಬರೇ. ಅವರು ಹಿಂಗಾಲಿನ ಬೆರಳು ಚಿವುಟಿದರು. ಚಂದ್ರಿ ಚುಂಯ್ ಎಂದು ತಿರುಗಿ ನೋಡಿ, ಕಾಲನ್ನು ಕೂದಲೆಳೆಯಷ್ಟು ಎಳೆದುಕೊಂಡಳು.

"ನೋಡ್ರಿ, ನೋವು ಗೊತ್ತಾಗಾಕತ್ತೈತಿ. ನರ ಪೂರ್ತಿ ಸತ್ತಿಲ್ಲ," ಎಂದರು. "ಆದ್ರ ಗುಳಿಗಿ ಒಂದ ಸಾಲಂಗಿಲ್ಲ. ಮನುಷ್ಯಾರಿಗೆ ಮಾಡ್ತಾರಲ್ಲ, ಹಂಗ ಇದಕ್ಕೂ ಫಿಸಿಯೋಥೆರಪಿ ಬೇಕು. ದಿನಕ್ಕ ಮೂರು ಹೊತ್ತು. ಮೊದಲ ಎರಡು ತಿಂಗಳು ಭಾಳ ಮುಖ್ಯ."

ಅವರೇ ಮಾಡಿ ತೋರಿಸಿದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೊಡೆಗೆ ಶಾಖ. ಆಮೇಲೆ ಒಂದೊಂದೇ ಕೀಲು ಹಿಡಿದು, ನೋಯಿಸದೆ, ಮಡಚಿ ಬಿಡಿಸುವುದು. ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಎತ್ತಿ ಹಿಡಿದು, ಪಾದಗಳು ಸರಿಯಾಗಿ ನೆಲಕ್ಕೆ ಊರುವಂತೆ ನಿಲ್ಲಿಸುವುದು. ಸ್ವಲ್ಪ ಬಲ ಬಂದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಡೆಸುವುದು — ನೀರು ಮೈಭಾರ ಹೊರುತ್ತದೆ, ಕಾಲು ತನ್ನ ಕೆಲಸ ನೆನಪು ಮಾಡಿಕೊಳ್ಳುತ್ತದೆ ಎಂದರು. ನೀನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ವಾರವೇ ಕಂಪ್ಲಿಯಿಂದ ಸುಮಾಳ ಫೋನು. ಏಳು ತಿಂಗಳ ಬಸುರಿ. ಹಾಸಿಗೆ ಬಿಟ್ಟು ಏಳಕೂಡದು ಎಂದಿದ್ದರು. ಮಗಳೋ ನಾಯಿಯೋ ಎಂದು ಯಾರೂ ನಿನ್ನನ್ನು ಕೇಳಲಿಲ್ಲ, ಆದರೆ ನೀನು ನಿನ್ನನ್ನೇ ಕೇಳಿಕೊಂಡೆ. ನಾನೇ ಮುಂದೆ ಬಂದು ಹೇಳಿದೆ — "ನೀ ಹೋಗಕ್ಕ. ಚಂದ್ರಿ ನನ್ನ ಕಡಿ ಇರ್ಲಿ, ನಾ ಮಾಡ್ತೀನಿ."

ಆರು ದಿನ ಮಾಡಿದೆ, ನಿಜವಾಗಿಯೂ ಮಾಡಿದೆ. ನಿನಗೆ ಕಳಿಸಲೆಂದು ಮೊಬೈಲಿನಲ್ಲಿ ವಿಡಿಯೊಗಳನ್ನೂ ತೆಗೆದೆ. ಏಳನೆಯ ದಿನ ಅವಸರದಲ್ಲಿ ಮೊಣಕಾಲು ಜೋರಾಗಿ ಎಳೆದೆ. ಅವಳು ನನ್ನ ಮುಂಗೈ ಕಚ್ಚಿದಳು. ನನ್ನ ತಪ್ಪಿಗೆ ನನಗೇ ಸಿಟ್ಟು ಬಂತು — ಅವಳ ಮೇಲೆ. ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ಮುಗಿಸಬೇಕಾದ ಚುನಾವಣೆಯ ಫ್ಲೆಕ್ಸುಗಳ ರಾಶಿ. ನಾಳೆ ಮಾಡಿದರಾಯಿತು ಅಂದುಕೊಂಡೆ. ಅವತ್ತು ಸಂಜೆ ನೀನು ಕೇಳಿದೆ, "ಮಾಡ್ಸಿದೇನಪ್ಪಾ?"

"ಮಾಡ್ಸೀನಿ ಅಕ್ಕಾ, ಮೂರೂ ಹೊತ್ತು."

ಎಷ್ಟು ಸಲೀಸಾಗಿ ಬಂತು ಆ ಮಾತು! ಮರುದಿನ ಇನ್ನೂ ಸಲೀಸು. ಕಳಿಸದೆ ಉಳಿದಿದ್ದ ವಿಡಿಯೊಗಳನ್ನು ಎರಡು ಮೂರು ದಿನಕ್ಕೊಂದರಂತೆ ಕಳಿಸುತ್ತ ಹೋದೆ. ಸುಮಾಳ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವನ್ನೇ ನೀನು ಮತ್ತೆ ಮತ್ತೆ ನೋಡುತ್ತಿದ್ದೆಯಂತೆ. ಆ ಹೊತ್ತಿಗೆ ಚಂದ್ರಿ ನನ್ನ ವರಾಂಡದ ಗೋಣಿಚೀಲದ ಮೇಲೆ ಒಂದೇ ಮಗ್ಗುಲಾಗಿ ಬಿದ್ದಿರುತ್ತಿದ್ದಳು. ಊಟ ಹಾಕುತ್ತಿದ್ದೆ, ನೀರಿಡುತ್ತಿದ್ದೆ. ಕಾಲು ಮುಟ್ಟುತ್ತಿರಲಿಲ್ಲ.

ಮೊಮ್ಮಗಳನ್ನು ನೋಡಿದ ಸಂತೋಷದಲ್ಲಿ ನೀನು ಮರಳಿದಾಗ ಅವಳ ತೊಡೆ ಕಡ್ಡಿಯಾಗಿತ್ತು, ಮೊಣಕಾಲು ಮಡಚದಂತೆ ಸೆಟೆದಿತ್ತು. ಡಾಕ್ಟರು ಮುಖ ಸಣ್ಣದು ಮಾಡಿ, "ವ್ಯಾಯಾಮ ಸರಿಯಾಗಿ ಆಗೇತೇನ್ರಿ?" ಎಂದರು. ನನ್ನನ್ನೇ ಕೇಳಿದ್ದು. ನಾನು ಬಾಯಿ ತೆರೆಯುವ ಮೊದಲೇ ನೀನು, "ನನ್ನ ತಮ್ಮ ಒಂದ ದಿನಾನೂ ಬಿಟ್ಟಿಲ್ಲ ಡಾಕ್ಟರೇ" ಅಂದೆ.

"ಹಂಗಾದ್ರ ನಾ ತಿಳ್ಕೊಂಡಿದ್ದಕ್ಕಿಂತ ನರಕ್ಕ ಜಾಸ್ತಿ ಪೆಟ್ಟು ಬಿದ್ದಿರಬೇಕು..."

ಆಗಲೂ ಹೇಳಬಹುದಿತ್ತು. ಹೇಳಿದ್ದರೆ ಅವರು ಮತ್ತೆ ಶುರು ಮಾಡಿಸುತ್ತಿದ್ದರೇನೋ — ತಡವಾಗಿಯಾದರೂ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಹೊರಗೆ ಬಂದ ಮೇಲೆ ನೀನು ಚಂದ್ರಿಯ ತಲೆ ನೇವರಿಸಿ, "ನಾ ಬಿಟ್ಟು ಹೋಗಬಾರದಿತ್ತು, ನನ್ನ ದಾರಿ ನೋಡಿ ನೋಡಿ ಕುಗ್ಗಿತು ಇದು" ಎಂದೆ. ಆಮೇಲೆ ಮೂರು ವರ್ಷ ನೀನೇ ಟವೆಲ್ ಕಟ್ಟಿ ಎತ್ತಿ ಅವಳನ್ನು ಅಂಗಳಕ್ಕೆ ಒಯ್ದೆ, ಮತ್ತೆ ಒಳಗೆ ತಂದೆ. ಹೋದ ವರ್ಷ ಅವಳು ಸತ್ತಾಗಲೂ ನೀನು ಅದೇ ಮಾತು ಅಂದೆ. ನಾನು ಗುದ್ದಲಿ ಹಿಡಿದು ಗುಂಡಿಗೆ ಮಣ್ಣು ಎಳೆಯುತ್ತಲೇ ಇದ್ದೆ.

ಈಗ ಯಾಕೆ ಎಂದು ಕೇಳುತ್ತೀ. ಹೋದ ತಿಂಗಳು ವಡ್ಡು ಊರಿನ ಹನುಮಕ್ಕ ನಿನ್ನ ಮನೆಗೆ ಬಂದಿದ್ದಳಲ್ಲ — ಬೈಕು ಬಡಿದು ಅವಳ ನಾಯಿಯ ಹಿಂಗಾಲುಗಳು ಸ್ವಾಧೀನ ತಪ್ಪಿವೆ, ಏನು ಮಾಡಲಿ ಎಂದು ಕೇಳಲು. ನಾನು ಒಳಗೆ ಊಟಕ್ಕೆ ಕುಳಿತಿದ್ದೆ. ನೀನು ಹೇಳಿದ್ದು ಕೇಳಿಸಿತು: "ಬ್ಯಾಡ ತಂಗಿ, ಸುಮ್ನ ಅದಕ್ಕ ನೋವು ಕೊಡಬ್ಯಾಡ. ನನ್ನ ತಮ್ಮ ನಲವತ್ತು ದಿನ ಬಿಡದ ಮಾಡ್ಯಾನ. ಒಂದ ಹೆಜ್ಜಿ ಇಡಲಿಲ್ಲ."

ನನ್ನ ಸುಳ್ಳು ನಿನ್ನ ಬಾಯಲ್ಲಿ ಬುದ್ಧಿಮಾತಾಗಿತ್ತು. ತಟ್ಟೆ ಬಿಟ್ಟು ಎದ್ದೆ. ಕೈತೊಳೆದು ಬಸ್‌ಸ್ಟಾಪಿನವರೆಗೆ ಓಡಿ ಹನುಮಕ್ಕನನ್ನು ಹಿಡಿದೆ, ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. "ಅಲ್ರೀ ಅಣ್ಣಾ, ಆ ಅಕ್ಕಾರು ಇಷ್ಟು ವರ್ಷ ತಮ್ಮದ ತಪ್ಪು ಅಂತ ಕುಂತಾರಲ್ರೀ. ಇದನ್ನ ನನಗ್ಯಾಕ ಹೇಳ್ತೀರಿ? ಅವ್ರಿಗೆ ಹೇಳ್ರಿ," ಎಂದಳು.

ಮರುದಿನ ಅವಳ ನಾಯಿಯನ್ನು ಅದೇ ಡಾಕ್ಟರ ಬಳಿ ಒಯ್ದೆವು. ಅವರಿಗೂ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಮೊದಲಿನಿಂದ ಎಲ್ಲವನ್ನೂ ತೋರಿಸಿಕೊಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ವಡ್ಡಿಗೆ ಹೋಗುತ್ತೇನೆ. ಉಳಿದೆರಡು ಹೊತ್ತು ಹನುಮಕ್ಕ ಮಾಡುತ್ತಾಳೆ. ನಿನ್ನೆ ಅವಳ ನಾಯಿ ಆಸರೆಯಿಲ್ಲದೆ ನಿಂತಿತು — ನಾನು ಎಂಟು ಎಣಿಸುವವರೆಗೆ. ಆಮೇಲೆ ಕುಸಿಯಿತು. ಅದು ನಡೆದೀತೋ ಇಲ್ಲವೋ ಗೊತ್ತಿಲ್ಲ.

ಚಂದ್ರಿಯೂ ನಡೆಯುತ್ತಿದ್ದಳೋ ಇಲ್ಲವೋ, ಅದೂ ಗೊತ್ತಿಲ್ಲ. ಎಲ್ಲ ನಾಯಿಗಳೂ ಏಳುವುದಿಲ್ಲ ಎಂದು ಡಾಕ್ಟರೇ ಹೇಳುತ್ತಾರೆ. ಆದರೆ ಆ ಮಾತನ್ನು ಆಸರೆಗೆ ಹಿಡಿದುಕೊಳ್ಳುವ ಹಕ್ಕು ನನಗಿಲ್ಲ. ಅವಳಿಗಿದ್ದ ಒಂದು ಅವಕಾಶವನ್ನು ನಾನು ತಿಂದೆ. ನೀನು ಬಿಟ್ಟು ಹೋದದ್ದಕ್ಕೆ ಅವಳು ಕಾಲು ಕಳೆದುಕೊಳ್ಳಲಿಲ್ಲ ಅಕ್ಕಾ. ನಿನ್ನದೇನೂ ತಪ್ಪಿರಲಿಲ್ಲ.

ಕ್ಷಮಿಸು ಎಂದು ಎರಡು ಸಲ ಬರೆದು ಹೊಡೆದುಹಾಕಿದೆ. ಈ ಕಾಗದವನ್ನು ಭಾನುವಾರ ನಾನೇ ತಂದು ಕೊಡುತ್ತೇನೆ; ನೀನು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಎದ್ದು ಹೋಗುತ್ತೇನೆ. ಅದರ ಮುಂದಿನ ಭಾನುವಾರ ಮತ್ತೆ ಬರುತ್ತೇನೆ.